ಕೆಪಿ 2 ಇದ್ರೂ ರಾತ್ರಿ ಆರ್‌ಟಿಕೆ ಫಿಕ್ಸ್ ನಿಲ್ತಿಲ್ಲ: ಮಂಡ್ಯ–ಮೈಸೂರು ಕಡೆಗೆ ದಿನಾ ಯಾವ ಸಂಖ್ಯೆ ನೋಡಬೇಕು?

ಮದ್ದೂರು_ರೋವರ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮದ್ದೂರು–ಮಂಡ್ಯ ನಡುವೆ ರಸ್ತೆ ಸರ್ವೆ, ಆರ್‌ಟಿಕೆಯಲ್ಲಿ (ಬೇಸ್ ಕಳಿಸೋ ತಿದ್ದುಪಡಿಯಿಂದ ಜಾಗವನ್ನ ಸೆಂಟಿಮೀಟರ್ ಮಟ್ಟಕ್ಕೆ ಅಳೆಯೋ ಜಿಪಿಎಸ್ ವಿಧಾನ). ಹಗಲು ಟ್ರಾಫಿಕ್ ಅಂತ ಸಂಜೆ 7ರಿಂದ ರಾತ್ರಿ 11ರ ಪಾಳಿ ಹಾಕಿದ್ದಾರೆ. ರೋವರ್ (ಕೈಲಿರೋ ರಿಸೀವರ್) ಎಲ್1, ಎಲ್2, ಎಲ್5 ಮೂರೂ ತರಂಗಾಂಕ ಹಿಡಿಯುತ್ತೆ. ಜಿಪಿಎಸ್, ಗ್ಲೋನಾಸ್, ಗೆಲಿಲಿಯೊ, ಬೈಡೂ ಎಲ್ಲ ಆನ್. ಕರೆಕ್ಷನ್ ಸಿಮ್ ಮೂಲಕ ಸರ್ವೆ ಆಫ್ ಇಂಡಿಯಾದ ಕಾರ್ಸ್ (ಸ್ಥಿರ ಬೇಸ್ ಕೇಂದ್ರಗಳ) ಜಾಲದಿಂದ. ಮಾಸ್ಕ್ 10 ಡಿಗ್ರಿ, ಅಂದ್ರೆ ಅದಕ್ಕಿಂತ ತಗ್ಗಿನ ಉಪಗ್ರಹ ಲೆಕ್ಕಕ್ಕಿಲ್ಲ.

ಸೆಪ್ಟೆಂಬರ್ ಮಧ್ಯದಿಂದ ತೊಂದರೆ ಶುರು. 7:45 ದಾಟಿದ ಮೇಲೆ ಫಿಕ್ಸ್ (ಸೆಂಟಿಮೀಟರ್ ನಿಖರತೆ) ಹೋಗಿ ಫ್ಲೋಟ್‌ಗೆ (ಒರಟು ಅಂದಾಜು) ಬೀಳುತ್ತೆ. ಮತ್ತೆ ಫಿಕ್ಸ್ ಅಂತ ತೋರಿಸಿದ್ರೂ ಅದೇ ಪಾಯಿಂಟ್‌ನಲ್ಲಿ ಎತ್ತರ 15–20 ಸೆಂಟಿಮೀಟರ್ ಬೇರೆ ಬರುತ್ತೆ. ನೆಟ್ ಸರಿಯಾಗೇ ಇದೆ, ಕರೆಕ್ಷನ್ ಏಜ್ 1–2 ಸೆಕೆಂಡ್ ದಾಟಲ್ಲ. ಹತ್ತೂವರೆ ಹೊತ್ತಿಗೆ ತಾನಾಗೇ ಸರಿಹೋಗುತ್ತೆ.

ಬಾಹ್ಯಾಕಾಶ ಹವಾಮಾನ ಇರಬಹುದು ಅಂದ್ರು. ಸರಿ ಅಂತ ಬೆಳಿಗ್ಗೆ ಎದ್ದ ಕೂಡಲೇ ಕೆಪಿ (ಭೂಕಾಂತೀಯ ಬಿರುಗಾಳಿಯ 0–9 ಸೂಚ್ಯಂಕ) ನೋಡೋದು ಅಭ್ಯಾಸ ಮಾಡಿಕೊಂಡ್ರೆ, ಕೆಪಿ 2 ಇದ್ದ ದಿನವೇ ಪೂರ್ತಿ ಹಾಳು, ಕೆಪಿ 6 ಅಂತ ಕೆಂಪು ಬಣ್ಣ ತೋರಿಸಿದ ದಿನ ಕೆಲಸ ಚೆನ್ನಾಗಿ ಆಯ್ತು! ಹಾಗಾದ್ರೆ ಇಲ್ಲಿಗೆ ಯಾವ ಸಂಖ್ಯೆ ನೋಡಬೇಕು? ರಿಸೀವರ್‌ನಲ್ಲಿ ಬದಲಾಯಿಸೋದು ಏನಾದ್ರೂ ಇದೆಯಾ? ತಿಳಿದವರು ಹೇಳಿ.

---

ಅಯಾನುಗೋಳ

ಸರ್, ಕೆಪಿ ನಿಮ್ಮ ನೆತ್ತಿ ಮೇಲಿನ ಆಕಾಶವನ್ನ ಅಳೆಯೋದೇ ಇಲ್ಲ. 13 ಕಾಂತೀಯ ವೀಕ್ಷಣಾಲಯಗಳ ಏರಿಳಿತ ಸೇರಿಸಿ ಜರ್ಮನಿಯ ಪಾಟ್ಸ್‌ಡ್ಯಾಮ್‌ನ ಜಿಎಫ್‌ಝಡ್ ಸಂಸ್ಥೆ ಮೂರು ಗಂಟೆಗೊಂದು ಸಂಖ್ಯೆ ಕೊಡುತ್ತೆ. ಆ 13ರಲ್ಲಿ ಹೆಚ್ಚಿನವು ಯುರೋಪು, ಉತ್ತರ ಅಮೆರಿಕದವು; ಭಾರತದ್ದು ಒಂದೂ ಇಲ್ಲ. ಧ್ರುವಪ್ರಭೆ ಎಲ್ಲಿವರೆಗೆ ಇಳಿದೀತು ಅಂತ ನೋಡೋರಿಗೆ ಅದು ಬಲು ಉಪಯುಕ್ತ. ಮಂಡ್ಯದಲ್ಲಿ ಸಂಜೆ ಎಂಟು ಗಂಟೆಗೆ ಏನಾಗುತ್ತೆ ಅನ್ನೋದಕ್ಕೆ ಅದರಿಂದ ಉತ್ತರ ಸಿಗಲ್ಲ.

ನಾವಿರೋ ಜಾಗ ನೋಡಿ. ಕಾಂತೀಯ ಸಮಭಾಜಕ ಭಾರತದ ದಕ್ಷಿಣ ತುದಿ, ತಿರುನಲ್ವೇಲಿ–ಕನ್ಯಾಕುಮಾರಿ ಕಡೆ ಹಾದುಹೋಗುತ್ತೆ. ಮೈಸೂರು ಅದರಿಂದ ಬರೀ 4 ಡಿಗ್ರಿ ಆಸುಪಾಸು ಉತ್ತರಕ್ಕಿದೆ. ಇಲ್ಲಿ ಹಾವಳಿ ಮಾಡೋದು ಕಾಂತೀಯ ಬಿರುಗಾಳಿಗಿಂತ ಹೆಚ್ಚಾಗಿ ಪ್ರತಿದಿನದ ಸೂರ್ಯಾಸ್ತ. ಸೂರ್ಯ ಮುಳುಗೋ ಹೊತ್ತಿಗೆ ಪೂರ್ವಾಭಿಮುಖ ವಿದ್ಯುತ್ ಕ್ಷೇತ್ರ ಒಮ್ಮೆಲೇ ಬಲವಾಗಿ ಅಯಾನುಗೋಳದ (ವಾತಾವರಣದ ಮೇಲಿನ ವಿದ್ಯುದಾವೇಶದ ವಲಯ) ಎಫ್ ಪದರವನ್ನ ಸೆಕೆಂಡಿಗೆ 30–50 ಮೀಟರ್ ವೇಗದಲ್ಲಿ ಮೇಲಕ್ಕೆ ಎತ್ತುತ್ತೆ. ಅದೇ ಹೊತ್ತಿಗೆ ಪದರದ ಕೆಳಭಾಗದಲ್ಲಿ ಎಲೆಕ್ಟ್ರಾನ್‌ಗಳು ಬೇಗ ಖಾಲಿಯಾಗುತ್ತವೆ. ಮೇಲೆ ದಟ್ಟ, ಕೆಳಗೆ ತೆಳು. ಆಲೆಮನೆ ಕೊಪ್ಪರಿಗೆಯಲ್ಲಿ ಪಾಕ ಕುದಿಯುವಾಗ ತಳದಿಂದ ಗುಳ್ಳೆ ಏಳುತ್ತಲ್ಲ, ಹಾಗೆ ತೆಳು ಪ್ಲಾಸ್ಮಾ ದಟ್ಟ ಪ್ಲಾಸ್ಮಾವನ್ನ ಸೀಳಿಕೊಂಡು ಮೇಲೇರುತ್ತೆ. ಈ ಪ್ಲಾಸ್ಮಾ ಗುಳ್ಳೆಗಳ ಒಳಗೆ, ಅಂಚಿನಲ್ಲಿ ಸಣ್ಣಸಣ್ಣ ಏರುಪೇರು ಇರುತ್ತವೆ. ಅವುಗಳಲ್ಲಿ 350–400 ಮೀಟರ್ ಗಾತ್ರದವು ಎಲ್1 ತರಂಗವನ್ನ (1575.42 ಮೆಗಾಹರ್ಟ್ಸ್) ಚೆನ್ನಾಗಿ ಚದುರಿಸುತ್ತವೆ. ಸಿಗ್ನಲ್ ಬಲ ಸೆಕೆಂಡಿನೊಳಗೆ 10–20 ಡಿಬಿ ಏರಿಳಿಯುತ್ತೆ, ರಿಸೀವರ್‌ಗೆ ಫೇಸ್ ಲಾಕ್ ತಪ್ಪುತ್ತೆ. ಇದೇ ಸಿಂಟಿಲೇಷನ್.

7:45 ಯಾಕೆ ಅನ್ನೋದಕ್ಕೂ ಲೆಕ್ಕ ಇದೆ. ನೆಲದಲ್ಲಿ ಸೂರ್ಯ 6:25ಕ್ಕೆ ಮುಳುಗಿದ್ರೆ 100 ಕಿಲೋಮೀಟರ್ ಎತ್ತರದಲ್ಲಿ ಮುಳುಗೋದು ಸುಮಾರು 40 ನಿಮಿಷ ತಡವಾಗಿ, 300 ಕಿಲೋಮೀಟರ್ ಎತ್ತರದಲ್ಲಿ ಸುಮಾರು 70 ನಿಮಿಷ ತಡವಾಗಿ. ಅಂದ್ರೆ ಎಫ್ ಪದರಕ್ಕೆ ಕತ್ತಲಾಗೋದೇ 7:35ರ ಸುಮಾರಿಗೆ. ಗುಳ್ಳೆ ಏಳೋದು ಅದರ ಹಿಂದೆಮುಂದೆ. ನಿಮ್ಮ ಲಾಗ್ ಪುಸ್ತಕದಲ್ಲಿ ಬರೆದ ಹಾಗೇ ನಡೀತಿದೆ.

ಇನ್ನು ತಿಂಗಳು. ನಮ್ಮ ರೇಖಾಂಶದಲ್ಲಿ ಕಾಂತೀಯ ಉತ್ತರಕ್ಕೂ ಭೌಗೋಳಿಕ ಉತ್ತರಕ್ಕೂ ವ್ಯತ್ಯಾಸ ಬಹಳ ಕಮ್ಮಿ, 2 ಡಿಗ್ರಿ ಒಳಗೆ. ಹಾಗಾಗಿ ವಿಷುವದ ಆಸುಪಾಸು ಹಗಲು–ರಾತ್ರಿ ಗೆರೆ ಕಾಂತಕ್ಷೇತ್ರದ ಗೆರೆಗೆ ಹೆಚ್ಚುಕಮ್ಮಿ ಸಮಾನಾಂತರವಾಗಿ ಹಾಯುತ್ತೆ, ಗೆರೆಯ ಎರಡೂ ತುದಿಗೆ ಒಟ್ಟಿಗೇ ಕತ್ತಲಾಗುತ್ತೆ. ಮಾರ್ಚ್–ಏಪ್ರಿಲ್ ಮತ್ತು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಗುಳ್ಳೆ ಹೆಚ್ಚು ಅನ್ನೋದಕ್ಕೆ ಕಾರಣ ಇದೇ. ಜೂನ್–ಜುಲೈನಲ್ಲಿ ಇದೇ ಪಾಳಿಯಲ್ಲಿ ಕೆಲಸ ಮಾಡಿದ್ದರೆ ನೀವು ಈ ಪ್ರಶ್ನೆ ಕೇಳುವ ಸಂಭವವೇ ಕಮ್ಮಿ.

ಮೂರನೆಯದು ಎಫ್10.7. ಕೆನಡಾದ ಪೆಂಟಿಕ್ಟನ್‌ನಲ್ಲಿ 10.7 ಸೆಂಟಿಮೀಟರ್ ತರಂಗದಲ್ಲಿ ಅಳೆಯುವ ಸೌರ ಫ್ಲಕ್ಸ್. ಸೂರ್ಯ ತಣ್ಣಗಿದ್ದಾಗ 65–70, ಉಚ್ಛ್ರಾಯದಲ್ಲಿ 200 ದಾಟುತ್ತೆ. ಇದು ಜಾಸ್ತಿ ಇದ್ದಷ್ಟೂ ಎಫ್ ಪದರ ದಟ್ಟ, ಸಂಜೆಯ ಎತ್ತುವಿಕೆ ಜೋರು, ಸಿಂಟಿಲೇಷನ್ ಆಳ. 25ನೇ ಸೌರಚಕ್ರ 2019ರ ಡಿಸೆಂಬರ್‌ನಲ್ಲಿ ಶುರುವಾಗಿ, 13 ತಿಂಗಳ ಸರಾಸರಿ ಸೌರಕಲೆ ಸಂಖ್ಯೆ 2024ರ ಕೊನೆಭಾಗದಲ್ಲಿ ಸುಮಾರು 160ಕ್ಕೆ ಮುಟ್ಟಿತು. ಈಗ ಇಳಿಮುಖ ಅಂದ ಮಾತ್ರಕ್ಕೆ ಮರುವರ್ಷವೇ ತಣ್ಣಗಾಗಲ್ಲ.

ಒಟ್ಟಲ್ಲಿ ನೀವು ನೋಡಬೇಕಾದ್ದು ಕ್ಯಾಲೆಂಡರ್, ಗಡಿಯಾರ, ಎಫ್10.7, ಈ ಕ್ರಮದಲ್ಲಿ. ಕೆಪಿ ಕೊನೆಗೆ. ಒಂದು ಮಾತು ಮೊದಲೇ ಹೇಳ್ತೀನಿ: "ಇವತ್ತು ಸಂಜೆ ಗುಳ್ಳೆ ಏಳುತ್ತಾ" ಅಂತ ಬೆಳಿಗ್ಗೆಯೇ ಖಚಿತವಾಗಿ ಹೇಳೋ ವಿಧಾನ ಇನ್ನೂ ಯಾರ ಕೈಲೂ ಇಲ್ಲ. ಒಂದೇ ವಾರ, ಒಂದೇ ಫ್ಲಕ್ಸ್, ಸೋಮವಾರ ಗುಳ್ಳೆ ಇರುತ್ತೆ, ಮಂಗಳವಾರ ಇರಲ್ಲ. ಈ ಕ್ಷೇತ್ರದವರು ದಶಕಗಳಿಂದ ತಲೆ ಕೆಡಿಸಿಕೊಂಡಿರೋ ವಿಷಯ ಅದು. ಹಸಿರು, ಹಳದಿ, ಕೆಂಪು ಬಣ್ಣ ಹಚ್ಚಿ ಆತ್ಮವಿಶ್ವಾಸದಿಂದ ಹೇಳೋ ಆ್ಯಪ್‌ಗಳನ್ನ ಅಷ್ಟಕ್ಕಷ್ಟೇ ನಂಬಿ.

---

ಹಿನಕಲ್_40ಮೀಟರ್

ಮೇಲಿನವರು ಜಿಪಿಎಸ್ ಭಾಗ ಬಿಡಿಸಿ ಹೇಳಿದ್ದಾರೆ. ಎಚ್‌ಎಫ್ ರೇಡಿಯೊ ಇಟ್ಟುಕೊಂಡೋರೂ ಈ ಥ್ರೆಡ್ ಓದ್ತಾರೆ ಅಂತ ಆ ಬದಿ ಸೇರಿಸ್ತೀನಿ. ನಮಗೆ ಮುಖ್ಯ ಆಗೋದು ಎಕ್ಸ್‌ರೇ ಫ್ಲಕ್ಸ್, ಅದಕ್ಕಿಂತ ಮುಖ್ಯ ಅದು ಬಂದ ಸಮಯ.

ಗೋಸ್ ಉಪಗ್ರಹ 1–8 ಆಂಗ್‌ಸ್ಟ್ರಾಮ್ ಪಟ್ಟಿಯಲ್ಲಿ ಅಳೆದು ಸಿ, ಎಂ, ಎಕ್ಸ್ ಅಂತ ದರ್ಜೆ ಕೊಡುತ್ತೆ. ಎಂ1 ಅಂದ್ರೆ ಚದರ ಮೀಟರಿಗೆ 1 ವಾಟ್‌ನ ಲಕ್ಷದಲ್ಲೊಂದು ಭಾಗ, ಎಕ್ಸ್1 ಅದರ ಹತ್ತರಷ್ಟು. ಜ್ವಾಲೆಯ ಎಕ್ಸ್‌ರೇ ಎಂಟು ನಿಮಿಷದಲ್ಲಿ ಬಂದು ಅಯಾನುಗೋಳದ ಕೆಳಗಿನ ಡಿ ಪದರವನ್ನ ದಟ್ಟ ಮಾಡುತ್ತೆ, ಎಚ್‌ಎಫ್ ಅಲ್ಲೇ ಹೀರಿಹೋಗುತ್ತೆ. ಆದ್ರೆ ಆ ಹೊತ್ತಿಗೆ ಸೂರ್ಯ ನಮ್ಮ ಆಕಾಶದಲ್ಲಿ ಎಲ್ಲಿದ್ದ ಅನ್ನೋದೇ ಎಲ್ಲಾ.

ಉದಾಹರಣೆಗೆ 2024ರ ಮೇ ತಿಂಗಳ ಎರಡು ಜ್ವಾಲೆ. ಮೇ 10ರಂದು ಎಕ್ಸ್3.9, ಶಿಖರ 06:54 ಯುಟಿ, ನಮ್ಮ 12:24. ಮೈಸೂರು 76.6 ಡಿಗ್ರಿ ರೇಖಾಂಶದಲ್ಲಿದೆ, ಭಾರತೀಯ ಕಾಲಮಾನದ ರೇಖೆ 82.5, ಹಾಗಾಗಿ ನಮ್ಮ ನಿಜವಾದ ಮಧ್ಯಾಹ್ನ ಬರೋದೇ 12:20ರ ಆಸುಪಾಸು. ಮೇ 10ಕ್ಕೆ ಸೂರ್ಯ ನೆತ್ತಿಯಿಂದ ಐದಾರು ಡಿಗ್ರಿ ಅಷ್ಟೇ ಉತ್ತರಕ್ಕೆ. ಇದಕ್ಕಿಂತ ನೇರ ಹೊಡೆತ ಇನ್ನೊಂದಿಲ್ಲ. ಅದೇ ಮೇ 14ರಂದು ಎಕ್ಸ್8.7, ಎರಡು ಪಟ್ಟಿಗಿಂತ ದೊಡ್ಡದು, 16:51 ಯುಟಿ. ಇಲ್ಲಿ ರಾತ್ರಿ 10:21. ಸೂರ್ಯನೇ ಇಲ್ಲ, ಡಿ ಪದರಕ್ಕೆ ಏನೂ ಆಗಲ್ಲ. ಸುದ್ದಿಯಲ್ಲಿ ದೊಡ್ಡದಾಗಿ ಬಂದದ್ದು ಎರಡನೆಯದು, ಮೈಸೂರಿಗೆ ತಟ್ಟಬೇಕಾದ್ದು ಮೊದಲನೆಯದು.

ಅಂದಾಜಿಗೆ ಅಮೆರಿಕದ ಬಾಹ್ಯಾಕಾಶ ಹವಾಮಾನ ಕೇಂದ್ರ ಎಸ್‌ಡಬ್ಲ್ಯೂಪಿಸಿಯ ಡಿ-ರ‍್ಯಾಪ್ ನಕ್ಷೆ ಬಳಸೋ ಸೂತ್ರ ಸಾಕು. ಸೂರ್ಯ ನೆತ್ತಿ ಮೇಲಿದ್ದಾಗ 1 ಡಿಬಿ ಹೀರಿಕೆ ಯಾವ ತರಂಗಾಂಕದವರೆಗೆ ಮುಟ್ಟುತ್ತೆ ಅಂತ: ಎಂ1ಕ್ಕೆ 15 ಮೆಗಾಹರ್ಟ್ಸ್, ಎಂ5ಕ್ಕೆ 22, ಎಕ್ಸ್1ಕ್ಕೆ 25, ಎಕ್ಸ್10ಕ್ಕೆ 35. ಸೂರ್ಯ ವಾಲಿದ್ದರೆ ಈ ಸಂಖ್ಯೆಯನ್ನ ನೆತ್ತಿಕೋನದ ಕೊಸೈನ್‌ನ 0.75 ಘಾತದಿಂದ ಗುಣಿಸಿ. ವಿಷುವದ ದಿನಗಳಲ್ಲಿ ಬೆಳಿಗ್ಗೆ 8:20ಕ್ಕೂ ಸಂಜೆ 4:20ಕ್ಕೂ ನೆತ್ತಿಕೋನ 60 ಡಿಗ್ರಿ ಹತ್ತಿರ, ಗುಣಕ 0.6. ಅಂದ್ರೆ ಆಗ ಬಂದ ಎಕ್ಸ್1 ಮಧ್ಯಾಹ್ನದ ಎಂ1ಕ್ಕೆ ಸಮ. 7 ಮೆಗಾಹರ್ಟ್ಸ್ ಎಲ್ಲಕ್ಕಿಂತ ಮೊದಲು ಹೋಗುತ್ತೆ, ಎಲ್ಲಕ್ಕಿಂತ ಕೊನೆಗೆ ಬರುತ್ತೆ. 40 ಮೀಟರ್ (ಅದೇ 7 ಮೆಗಾಹರ್ಟ್ಸ್) ಸತ್ತುಹೋಗಿದ್ದರೆ ಆಂಟೆನಾ ಕೇಬಲ್ ಬಿಚ್ಚೋಕೆ ಮುಂಚೆ 21 ಅಥವಾ 28 ಮೆಗಾಹರ್ಟ್ಸ್‌ಗೆ ಹೋಗಿ ಕೇಳಿ. ಅಲ್ಲಿ ಉಸಿರಿದ್ದರೆ ಅದು ಜ್ವಾಲೆ, ನಿಮ್ಮ ಕನೆಕ್ಟರ್ ಅಲ್ಲ.

ಎಫ್10.7 ಬಗ್ಗೆ ಎರಡು ಎಚ್ಚರಿಕೆ. ಪ್ರಕಟವಾಗೋ ದಿನದ ಸಂಖ್ಯೆ 20:00 ಯುಟಿ ಅಳತೆಯದು, ನಮಗೆ ರಾತ್ರಿ 1:30. ಆ ಹೊತ್ತಿಗೆ ಸರಿಯಾಗಿ ಜ್ವಾಲೆಯ ರೇಡಿಯೊ ಸಿಡಿತ ಬಂದ್ರೆ ಸಂಖ್ಯೆ ಸುಮ್ಮನೆ ಉಬ್ಬುತ್ತೆ. ಹಿಂದಿನ ದಿನ 150 ಇದ್ದದ್ದು ದಿಢೀರ್ 230 ಅಂತ ಕಂಡ್ರೆ ಅದೇ ದಿನದ 17:00, 23:00 ಯುಟಿ (ನವೆಂಬರ್–ಫೆಬ್ರವರಿಯಲ್ಲಿ 18:00, 22:00) ಅಳತೆ ತೆಗೆದು ನೋಡಿ. ಇನ್ನೊಂದು, ವೊಕ್ಯಾಪ್ ತಂತ್ರಾಂಶದಲ್ಲಿ ಎಚ್‌ಎಫ್ ಲಿಂಕ್ ಲೆಕ್ಕ ಹಾಕುವಾಗ ಇವತ್ತಿನ ಸೌರಕಲೆ ಸಂಖ್ಯೆ ತುಂಬಬೇಡಿ. ಅದು ಕೇಳೋದು ಆ ತಿಂಗಳ ಸರಾಸರಿಸಿದ ಸಂಖ್ಯೆ. ಅಯಾನುಗೋಳ ದಿನದ ಕಲೆಗಳಿಗೆ ಅಷ್ಟು ಬೇಗ ಸ್ಪಂದಿಸಲ್ಲ.

ಹ್ಯಾಮ್ ತಾಣಗಳಲ್ಲಿ ಕಾಣೋ ಚಿಕ್ಕ ಪಟ್ಟಿಯ "ರಾತ್ರಿ: ಉತ್ತಮ" ಅನ್ನೋದನ್ನ ಇಲ್ಲಿಗೆ ಅನ್ವಯಿಸಬೇಡಿ. ಸಂಜೆ ಎಂಟರ ಮೇಲೆ 14, 21 ಮೆಗಾಹರ್ಟ್ಸ್‌ನಲ್ಲಿ ಸಿಗ್ನಲ್ ಬಲವಾಗೇ ಇದ್ದು ಧ್ವನಿ ನಡುಗಿ ಗೊರಗೊರ ಅಂದ್ರೆ ಅದೂ ಇದೇ ಗುಳ್ಳೆಗಳ ಕೆಲಸ. ಜಿಪಿಎಸ್ ಕಡೆಯವರಿಗೆ ಇದೊಂದು ಪುಕ್ಕಟೆ ಮುನ್ಸೂಚನೆ.

---

ಮದ್ದೂರು_ರೋವರ್

ಬಹಳ ಧನ್ಯವಾದ ಸರ್, ಇಬ್ಬರಿಗೂ. ಆದ್ರೆ ಕೆಪಿ 6 ದಿನ ಕೆಲಸ ಚೆನ್ನಾಗಿ ಆಗಿದ್ದು ಯಾಕೆ ಅಂತ ಇನ್ನೂ ಅರ್ಥ ಆಗ್ಲಿಲ್ಲ. ಬಿರುಗಾಳಿ ಬಂದ್ರೆ ಇನ್ನೂ ಕೆಡಬೇಕಲ್ವಾ? ಮತ್ತೆ ಗುಳ್ಳೆನೇ ಅಂತ ಗ್ಯಾರಂಟಿ ಮಾಡಿಕೊಳ್ಳೋದು ಹೇಗೆ? ಆ ರಸ್ತೆ ಪಕ್ಕ ಹೈಟೆನ್ಷನ್ ಲೈನ್ ಬೇರೆ ಇದೆ.

---

ಅಯಾನುಗೋಳ

ಬಿರುಗಾಳಿ ಇಲ್ಲಿ ಎರಡು ಥರ ಕೆಲಸ ಮಾಡುತ್ತೆ, ಒಂದಕ್ಕೊಂದು ವಿರುದ್ಧ.

ಸೌರಮಾರುತದ ಕಾಂತಕ್ಷೇತ್ರದ ಬಿಝಡ್ (ಉತ್ತರ–ದಕ್ಷಿಣ ಅಂಶ) ದಕ್ಷಿಣಕ್ಕೆ ತಿರುಗಿ ಮೈನಸ್ 10 ನ್ಯಾನೊಟೆಸ್ಲಾ, ಮೈನಸ್ 15 ಅಂತ ಒಮ್ಮೆಲೇ ಇಳಿದಾಗ ಧ್ರುವದ ವಿದ್ಯುತ್ ಕ್ಷೇತ್ರ ಸಮಭಾಜಕದವರೆಗೂ ತಕ್ಷಣ ನುಗ್ಗುತ್ತೆ. ಹಗಲಲ್ಲೂ ಸಂಜೆಯಲ್ಲೂ ಅದರ ದಿಕ್ಕು ಪೂರ್ವಕ್ಕೆ. ಅದು ನಮ್ಮ ಮುಸ್ಸಂಜೆಗೆ ಸರಿಯಾಗಿ ಬಂದ್ರೆ ಮೊದಲೇ ಏಳ್ತಿರೋ ಪದರವನ್ನ ಇನ್ನೂ ಎತ್ತುತ್ತೆ, ಗುಳ್ಳೆ ಏಳೋ ಸಂಭವ ಬಹಳ ಹೆಚ್ಚು. 2015ರ ಮಾರ್ಚ್ 17ರ ಬಿರುಗಾಳಿಯಲ್ಲಿ ಭಾರತದ ಮೇಲೆ ಆದದ್ದು ಇದೇ. ಆದ್ರೆ ಬಿರುಗಾಳಿ ಶುರುವಾಗಿ ಕೆಲವು ಗಂಟೆ ಕಳೆದ ಮೇಲೆ ಧ್ರುವದ ಕಡೆ ಕಾದ ಗಾಳಿ ಸಮಭಾಜಕದತ್ತ ಬೀಸಿ ಎದುರು ದಿಕ್ಕಿನ ವಿದ್ಯುತ್ ಕ್ಷೇತ್ರ ಹುಟ್ಟಿಸುತ್ತೆ. ಅದು ಸಂಜೆಯ ಎತ್ತುವಿಕೆಯನ್ನೇ ಒತ್ತಿಹಿಡಿಯುತ್ತೆ. ಪದರ ಏಳಲ್ಲ, ಗುಳ್ಳೆ ಇಲ್ಲ, ನಿಮ್ಮ ಫಿಕ್ಸ್ ಕಲ್ಲಿನ ಹಾಗೆ ಕೂತಿರುತ್ತೆ. ಬೆಳಿಗ್ಗೆ ಅಥವಾ ಹಿಂದಿನ ರಾತ್ರಿ ಕೆಪಿ 6 ಮುಟ್ಟಿದ್ದ ದಿನದ ಸಂಜೆ ನೀವು ಕೆಲಸ ಮಾಡಿದ್ದರೆ ಹೀಗೇ ಆಗಿರುತ್ತೆ.

ಆದ್ದರಿಂದ ಕೆಪಿ ನೋಡಲೇಬೇಕು ಅಂದ್ರೆ ಯಾವ ಮೂರು ಗಂಟೆಯದು ಅಂತ ನೋಡಿ. ಯುಟಿ 12–15ರ ಕಂತು ನಮಗೆ 5:30ರಿಂದ 8:30. ಬಿಝಡ್ ಅದಕ್ಕಿಂತ ವಾಸಿ. ಅದನ್ನ ಅಳೆಯೋ ಉಪಗ್ರಹಗಳಿರೋ ಎಲ್1 ಬಿಂದು (ಎಲ್1 ತರಂಗ ಅಲ್ಲ, ಸೂರ್ಯನ ಕಡೆಗಿರೋ ಒಂದು ಜಾಗ) ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರ, ಮಾರುತದ ವೇಗ ಸೆಕೆಂಡಿಗೆ 400 ಕಿಲೋಮೀಟರ್ ಇದ್ದಾಗ ಅಲ್ಲಿ ಕಂಡದ್ದು ಇಲ್ಲಿಗೆ ಮುಟ್ಟೋಕೆ ಒಂದು ಗಂಟೆ, 800 ಇದ್ರೆ ಅರ್ಧ ಗಂಟೆ. ಸಂಜೆ 5ರಿಂದ 7ರ ನಡುವೆ ಬಿಝಡ್ ಗೆರೆ ಕೆಳಕ್ಕೆ ಧುಮುಕಿದ್ರೆ ಆ ರಾತ್ರಿಯ ಪಾಳಿ ರದ್ದು ಮಾಡಿ. ಮಾರನೇ ಸಂಜೆ ಬಹುಶಃ ಚೆನ್ನಾಗಿರುತ್ತೆ.

ಎರಡು ಮೂರು ದಿನ ಮುಂಚಿನ ಮುನ್ಸೂಚನೆಯ ಹಣೆಬರಹವೂ ಇದೇ. ಸೂರ್ಯನಿಂದ ಪ್ಲಾಸ್ಮಾ ಮೋಡ ಹೊರಟಿದ್ದು ಕೊರೊನಾಗ್ರಾಫ್‌ನಲ್ಲಿ ಕಾಣುತ್ತೆ, ಎನ್ಲಿಲ್ ಅನ್ನೋ ಕಂಪ್ಯೂಟರ್ ಮಾದರಿ ಅದು ಬರೋ ಸಮಯ ಹೇಳುತ್ತೆ, ಆದ್ರೆ ಆಚೀಚೆ ಹತ್ತು ಗಂಟೆ ವ್ಯತ್ಯಾಸ ಮಾಮೂಲು. ನಮಗೆ ಬೇಕಾಗಿರೋದು ಮುಸ್ಸಂಜೆಯ ಎರಡು ಗಂಟೆ. ಬಿಝಡ್ ದಿಕ್ಕಂತೂ ಮೋಡ ಎಲ್1 ಬಿಂದು ತಲುಪೋವರೆಗೆ ಗೊತ್ತಾಗಲ್ಲ. ಎಸ್‌ಡಬ್ಲ್ಯೂಪಿಸಿಯ ಮೂರು ದಿನದ ಮುನ್ಸೂಚನೆ 00:30 ಮತ್ತು 12:30 ಯುಟಿಗೆ, ಅಂದ್ರೆ ನಮಗೆ ಬೆಳಿಗ್ಗೆ 6 ಮತ್ತು ಸಂಜೆ 6ಕ್ಕೆ ಬರುತ್ತೆ. ಪಾಳಿ ನಿರ್ಧಾರಕ್ಕೆ ಸಂಜೆಯದೇ ಅನುಕೂಲ. ಕರೋನಾ ರಂಧ್ರದ (ಸೂರ್ಯನ ಹೊರಪದರದ ತೆಳು ಜಾಗ) ವೇಗದ ಮಾರುತ ಮಾತ್ರ ಸೂರ್ಯ ಒಂದು ಸುತ್ತು ತಿರುಗಿ ಬಂದಾಗ, 27 ದಿನಕ್ಕೊಮ್ಮೆ, ಮರಳಿ ಬರುತ್ತೆ. ಅದನ್ನ ಗೋಡೆ ಕ್ಯಾಲೆಂಡರ್ ಮೇಲೇ ಗುರುತು ಹಾಕಬಹುದು. ಸೌರಚಕ್ರ ಇಳಿಯುವಾಗ ಇವು ಜಾಸ್ತಿ.

ಆದಿತ್ಯ-ಎಲ್1 ದತ್ತಾಂಶ ಬಳಸಬಹುದಾ ಅಂತ ಮುಂದಿನ ಪ್ರಶ್ನೆ ಬಂದೇ ಬರುತ್ತೆ. 2024ರ ಜನವರಿ 6ರಿಂದ ಅದು ಎಲ್1 ಸುತ್ತ ಇದೆ, ಸೌರಮಾರುತ ಅಳೆಯೋ ಆ್ಯಸ್ಪೆಕ್ಸ್, ಪಾಪಾ, ಮ್ಯಾಗ್ನೆಟೊಮೀಟರ್ ಮೂರೂ ಅದರಲ್ಲಿವೆ. ಬ್ಯಾಲಾಳಿನ ದತ್ತಾಂಶ ಕೇಂದ್ರದ ಪ್ರದಾನ್ ಪೋರ್ಟಲ್‌ನಲ್ಲಿ ಸಿಗುತ್ತೆ. ಆಮೇಲೆ ಕೂತು ವಿಶ್ಲೇಷಣೆ ಮಾಡೋಕೆ ಚೆನ್ನ. ಇವತ್ತಿನ ಪಾಳಿಗೆ ಗಂಟೆಗಂಟೆಯ ಎಚ್ಚರಿಕೆ ಬೇಕು ಅಂದ್ರೆ ಎಸ್‌ಡಬ್ಲ್ಯೂಪಿಸಿ ಪುಟವೇ ಗತಿ.

---

ಪಾಂಡವಪುರ_ಪಿಪಿಕೆ

ಹೈಟೆನ್ಷನ್ ಲೈನೋ ಗುಳ್ಳೆಯೋ ಅನ್ನೋ ಅನುಮಾನಕ್ಕೆ ಪರೀಕ್ಷೆ ಸುಲಭ. ಕಟ್ಟಡ, ಮರ, ಲೈನ್ ಇವುಗಳ ಪ್ರತಿಫಲನದಿಂದ ಬರೋ ತಪ್ಪು ಉಪಗ್ರಹದ ಸ್ಥಾನಕ್ಕೆ ಕಟ್ಟುಬಿದ್ದದ್ದು. ಜಿಪಿಎಸ್ ಉಪಗ್ರಹಗಳು ದಿನಾ ಸುಮಾರು 4 ನಿಮಿಷ ಮುಂಚೆ ಅದೇ ಜಾಗಕ್ಕೆ ಬರುತ್ತವೆ. ಹಾಗಾಗಿ ತೊಂದರೆ ಇವತ್ತು 8:00ಕ್ಕೆ, ನಾಳೆ 7:56ಕ್ಕೆ, ಹತ್ತು ದಿನಕ್ಕೆ 7:20ಕ್ಕೆ ಅಂತ ಹಿಂದೆ ಸರೀತಾ ಹೋದ್ರೆ ಅದು ಪ್ರತಿಫಲನ. ಸೂರ್ಯಾಸ್ತದ ಬಾಲ ಹಿಡಿದುಕೊಂಡೇ ಇದ್ರೆ ಗುಳ್ಳೆ. ಇನ್ನೊಂದು ಗುರುತು ಸ್ಕೈಪ್ಲಾಟ್‌ನಲ್ಲಿ (ಉಪಗ್ರಹಗಳ ಸ್ಥಾನ ತೋರಿಸೋ ಆಕಾಶದ ನಕ್ಷೆ). ಗುಳ್ಳೆ ರಾತ್ರಿ ಹೊತ್ತು ಪೂರ್ವಕ್ಕೆ ಸೆಕೆಂಡಿಗೆ 100 ಮೀಟರ್ ಆಸುಪಾಸಿನ ವೇಗದಲ್ಲಿ ಸರಿಯುತ್ತೆ. ಮೊದಲು ಪಶ್ಚಿಮದ ಉಪಗ್ರಹಗಳ ಎಸ್‌ಎನ್‌ಆರ್ (ಗದ್ದಲಕ್ಕೆ ಹೋಲಿಸಿದ ಸಿಗ್ನಲ್ ಬಲ) ಕುಣಿಯುತ್ತೆ, ಸ್ವಲ್ಪ ಹೊತ್ತಿಗೆ ನೆತ್ತಿಯವು, ಆಮೇಲೆ ಪೂರ್ವದವು. ಮೈಸೂರಿನ ನೆತ್ತಿಯಿಂದ ಮಂಡ್ಯದ ನೆತ್ತಿಗೆ ಬರೋಕೆ ಅದಕ್ಕೆ ಐದು ನಿಮಿಷ ಸಾಕು. ಸಿಮ್, ಕೇಬಲ್, ಆಂಟೆನಾ ಕೆಟ್ಟರೆ ಎಲ್ಲ ದಿಕ್ಕೂ ಒಟ್ಟಿಗೇ ಬೀಳುತ್ತೆ.

ಸಂಖ್ಯೆಯೇ ಬೇಕು ಅನ್ನೋರು ಬೇಸ್‌ನ ರೈನೆಕ್ಸ್ (ರಾ ಡೇಟಾ) ಫೈಲಿನಿಂದ ರೋಟಿ ಅನ್ನೋ ಸೂಚ್ಯಂಕ ಲೆಕ್ಕ ಹಾಕಿ. ಎಲ್1, ಎಲ್2 ಫೇಸ್ ವ್ಯತ್ಯಾಸದಿಂದ ಟಿಇಸಿ (ಸಿಗ್ನಲ್ ದಾರಿಯಲ್ಲಿರೋ ಒಟ್ಟು ಎಲೆಕ್ಟ್ರಾನ್), ಅದು 30 ಸೆಕೆಂಡಿಗೊಮ್ಮೆ ಎಷ್ಟು ಬದಲಾಯ್ತು, ಆ ಬದಲಾವಣೆಯ 5 ನಿಮಿಷದ ವಿಚಲನೆ. ನಿಮಿಷಕ್ಕೆ 0.5 ಟಿಇಸಿ ಯೂನಿಟ್ ದಾಟಿದ್ರೆ ಗುಳ್ಳೆ ಇದೆ ಅಂತಲೇ. ಸಿಂಟಿಲೇಷನ್‌ನ ನೇರ ಅಳತೆ ಎಸ್4. ಅದಕ್ಕೆ ಸೆಕೆಂಡಿಗೆ 50 ಸಲ ಮಾದರಿ ತೆಗೆಯೋ ವಿಶೇಷ ರಿಸೀವರ್ ಬೇಕು, ಸರ್ವೆ ರೋವರ್‌ನಲ್ಲಿ ಆಗಲ್ಲ.

ನಿಮ್ಮ "ಫಿಕ್ಸ್ ಬಂತು, ಎತ್ತರ 15–20 ಸೆಂಟಿಮೀಟರ್ ಬೇರೆ" ಅನ್ನೋದು ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸಿದ ಸಾಲು. ಎಲ್1ರ ಒಂದು ತರಂಗದುದ್ದ 19 ಸೆಂಟಿಮೀಟರ್. ಲಾಕ್ ತಪ್ಪಿ ಮತ್ತೆ ಹಿಡಿದಾಗ ತರಂಗಗಳ ಪೂರ್ಣಾಂಕ ಎಣಿಕೆ ಒಂದೆರಡು ಉಪಗ್ರಹಕ್ಕೆ ಒಂದು ಹೆಚ್ಚು ಕಮ್ಮಿ ಕೂತರೂ ಸಾಫ್ಟ್‌ವೇರ್ "ಫಿಕ್ಸ್" ಅಂತಲೇ ಹಸಿರು ತೋರಿಸುತ್ತೆ. ಫ್ಲೋಟ್ ಆದ್ರೂ ಪ್ರಾಮಾಣಿಕ, ಇದು ಸುಳ್ಳು ಫಿಕ್ಸ್. ಈಗಾಗಲೇ ರಾತ್ರಿ 7:30ರಿಂದ 10:30ರ ನಡುವೆ ತೆಗೆದ ಪಾಯಿಂಟ್‌ಗಳನ್ನ ನಂಬಬೇಡಿ. ರಾ ಡೇಟಾ ಇದ್ದರೆ ಪಿಪಿಕೆಯಲ್ಲಿ (ಇದೇ ಲೆಕ್ಕವನ್ನ ಆಮೇಲೆ ಕೂತು ಮಾಡೋದು) ಮುಂದಿನಿಂದ ಹಿಂದಕ್ಕೂ ಹಿಂದಿನಿಂದ ಮುಂದಕ್ಕೂ ಓಡಿಸಿ. ಎರಡೂ ಉತ್ತರ ಎತ್ತರದಲ್ಲಿ 3 ಸೆಂಟಿಮೀಟರ್ ಒಳಗೆ ಕೂಡಿದ್ರೆ ಇಟ್ಟುಕೊಳ್ಳಿ. ರಾ ಡೇಟಾ ಇಲ್ಲದಿದ್ದರೆ ಆ ಪಾಯಿಂಟ್‌ಗಳನ್ನ ಮತ್ತೆ ಅಳೀಬೇಕು, ಬೇರೆ ದಾರಿ ಇಲ್ಲ. ಲೆವೆಲ್ ತಪ್ಪಿದ್ರೆ ಚರಂಡಿ ನೀರು ಉಲ್ಟಾ ಹರಿಯುತ್ತೆ, ಆಮೇಲೆ ಬಯ್ಯಿಸಿಕೊಳ್ಳೋರು ನೀವೇ.

"ಎಲ್5 ಹೊಸದು, ಬಲವಾದ್ದು, ಅದನ್ನೇ ನೆಚ್ಚಿ" ಅಂತ ಸಲಹೆ ಕೊಡೋರಿದ್ದಾರೆ. ಪ್ರತಿಫಲನಕ್ಕೆ ಹೌದು, ಇದಕ್ಕೆ ಅಲ್ಲ. ಎಸ್4 ತರಂಗಾಂಕ ಕಮ್ಮಿಯಾದಷ್ಟೂ ಏರುತ್ತೆ, ಹೆಚ್ಚುಕಮ್ಮಿ 1.5 ಘಾತದಲ್ಲಿ. ಎಲ್5 1176.45 ಮೆಗಾಹರ್ಟ್ಸ್, ಅಂದ್ರೆ ಎಲ್1ಕ್ಕಿಂತ ಸುಮಾರು ಒಂದೂವರೆ ಪಟ್ಟು ಹೆಚ್ಚು ಪೆಟ್ಟು. ಎಲ್1ರಲ್ಲಿ 0.4 ಇದ್ದದ್ದು ಎಲ್5ರಲ್ಲಿ 0.6. ಭಾರತದ್ದೇ ಉಪಗ್ರಹ ವ್ಯವಸ್ಥೆ ನಾವಿಕ್‌ನ ಎಲ್5ಗೂ ಇದೇ ಪಾಡು. ಅದರ ಎಸ್ ಬ್ಯಾಂಡ್ (2492 ಮೆಗಾಹರ್ಟ್ಸ್) ಎಲ್1ರ ಅರ್ಧಕ್ಕೆ ಇಳಿಯುತ್ತೆ, ಆದ್ರೆ ಸಾಮಾನ್ಯ ಸರ್ವೆ ರೋವರ್ ಅದನ್ನ ಹಿಡಿಯಲ್ಲ.

ಮಾಸ್ಕ್ 15ಕ್ಕೆ ಏರಿಸಿ, ಅದಕ್ಕಿಂತ ಮೇಲೆ ಬೇಡ. ತಗ್ಗಿನ ಉಪಗ್ರಹಗಳ ಕಿರಣ ಗುಳ್ಳೆಯೊಳಗೆ ಉದ್ದಕ್ಕೂ ಹಾಯೋದ್ರಿಂದ ಅವನ್ನ ಬಿಡೋದು ಸರಿ, ಆದ್ರೆ 25ಕ್ಕೆ ಏರಿಸಿದ್ರೆ ಉಳಿದವು ನೆತ್ತಿ ಹತ್ತಿರ ಗುಂಪಾಗಿ ಎತ್ತರದ ತಪ್ಪು ಇನ್ನೂ ಹಿಗ್ಗುತ್ತೆ. ರಾ ಡೇಟಾ ಸೆಕೆಂಡಿಗೊಂದರಂತೆ ಯಾವಾಗಲೂ ಲಾಗ್ ಆಗ್ತಿರಲಿ. ದೂರದ ಕಾರ್ಸ್ ಬದಲು 5 ಕಿಲೋಮೀಟರ್ ಒಳಗೆ ಸ್ವಂತ ಬೇಸ್ ಇಟ್ಟರೆ ಎರಡು ಕಡೆಯ ಅಯಾನುಗೋಳ ವ್ಯತ್ಯಾಸ ತಗ್ಗುತ್ತೆ. ಎಲ್1ರಲ್ಲಿ ಒಂದು ಟಿಇಸಿ ಯೂನಿಟ್‌ಗೆ 16 ಸೆಂಟಿಮೀಟರ್, ಗುಳ್ಳೆಯ ಅಂಚಿನಲ್ಲಿ ಹತ್ತಾರು ಯೂನಿಟ್ ಒಮ್ಮೆಲೇ ಬೀಳುತ್ತೆ, ಲೆಕ್ಕ ಹಾಕಿಕೊಳ್ಳಿ. ಆದ್ರೆ ಲಾಕ್ ತಪ್ಪೋದನ್ನ ಬೇಸ್ ತಡೆಯಲ್ಲ. ಅರ್ಧ ಗಂಟೆಗೊಮ್ಮೆ ಗೊತ್ತಿರೋ ಕಂಟ್ರೋಲ್ ಪಾಯಿಂಟ್ ಮೇಲೆ ಕೋಲು ಇಟ್ಟು ನೋಡಿ, ಪ್ರತಿ ಮುಖ್ಯ ಪಾಯಿಂಟ್‌ಗೆ ರಿಸೆಟ್ ಮಾಡಿ ಎರಡು ಸಲ ಫಿಕ್ಸ್ ತೆಗೀರಿ.

ಇಷ್ಟೆಲ್ಲಾ ಮಾಡೋದಕ್ಕಿಂತ ಸಲೀಸಾದ್ದು ಒಂದಿದೆ. ಕಂಟ್ರಾಕ್ಟರ್ ಹತ್ರ ಮಾತಾಡಿ ಪಾಳಿಯನ್ನ ಬೆಳಗಿನ ಜಾವ 3:30ರಿಂದ 7:00ಕ್ಕೆ ಮಾಡಿಸಿ. ಟ್ರಾಫಿಕ್ ಅಷ್ಟೇ ಕಮ್ಮಿ. ಗುಳ್ಳೆಗಳು ಮಧ್ಯರಾತ್ರಿ ಕಳೆದ ಮೇಲೆ ಬಡಕಲಾಗುತ್ತವೆ, ಟಿಇಸಿ ದಿನದಲ್ಲೇ ಅತಿ ಕಮ್ಮಿ ಇರೋದು ಸೂರ್ಯೋದಯಕ್ಕೆ ತುಸು ಮುಂಚೆ. ಹಗಲು ಕೆಲಸ ಮಾಡೋರಿಗೂ ಇದೇ ಕಾರಣಕ್ಕೆ ಮಧ್ಯಾಹ್ನ 1ರಿಂದ 4 ಬೇಡ, ಬೆಳಿಗ್ಗೆ ಹನ್ನೊಂದರೊಳಗೆ ಮುಖ್ಯ ಪಾಯಿಂಟ್ ಮುಗಿಸೋದು ವಾಸಿ.

---

ನಂಜನಗೂಡು_ಹೊಸಬ

ಮಧ್ಯೆ ಬಾಯಿ ಹಾಕ್ತಿದ್ದೀನಿ, ಬೇಜಾರು ಮಾಡ್ಕೋಬೇಡಿ. ಸೆಪ್ಟೆಂಬರ್ ಕೊನೆಯಲ್ಲಿ ಹಗಲು ಹೊತ್ತು ಡಿಶ್ ಟಿವಿ ಕೆಲವು ನಿಮಿಷ ಹೋಗುತ್ತಲ್ಲ, ಅದೂ ಇದೇನಾ? ಮತ್ತೆ "ರಾತ್ರಿ 12:30ರಿಂದ 3:30 ಕಾಸ್ಮಿಕ್ ಕಿರಣ, ಮೊಬೈಲ್ ಆಫ್ ಮಾಡಿ" ಅಂತ ವಾಟ್ಸಾಪ್‌ನಲ್ಲಿ ಬರುತ್ತೆ.

---

ಹಿನಕಲ್_40ಮೀಟರ್

ಬೇಜಾರೇನಿಲ್ಲ. ಡಿಶ್ ಹೋಗೋದು ಸೂರ್ಯ ಸರಿಯಾಗಿ ಉಪಗ್ರಹದ ಹಿಂದೆ ಬಂದು ನಿಲ್ಲೋದ್ರಿಂದ. ತಟ್ಟೆ ಸೂರ್ಯನ ರೇಡಿಯೊ ಗದ್ದಲವನ್ನೇ ಹಿಡಿಯುತ್ತೆ. ನಮ್ಮ ಅಕ್ಷಾಂಶಕ್ಕೆ ಮಾರ್ಚ್ ಮಧ್ಯ ಮತ್ತು ಸೆಪ್ಟೆಂಬರ್ ಕೊನೆ, ಕೆಲವು ದಿನ, ದಿನಕ್ಕೆ ಕೆಲವೇ ನಿಮಿಷ. ಬರೀ ರೇಖಾಗಣಿತ, ಸೂರ್ಯ ಎಷ್ಟೇ ತಣ್ಣಗಿದ್ದರೂ ಆಗುತ್ತೆ. ವಾಟ್ಸಾಪಿನದು ವರ್ಷಾನುಗಟ್ಟಲೆ ಸುತ್ತುತ್ತಿರೋ ಸುಳ್ಳು, ಅಳಿಸಿಹಾಕಿ.

ಪಾಂಡವಪುರದವರು ಬೆಳಗಿನ ಜಾವ ಅಂದ್ರಲ್ಲ, ಜಿಪಿಎಸ್‌ಗೆ ಅದು ಸುವರ್ಣಕಾಲ, 40 ಮೀಟರ್‌ನಲ್ಲಿ ಊರಿಂದೂರಿಗೆ ಮಾತಾಡೋರಿಗೆ ಉಲ್ಟಾ. ಎಫ್ ಪದರ ಅಷ್ಟು ತೆಳುವಾದಾಗ ನೇರ ಮೇಲೆ ಹೋದ 7 ಮೆಗಾಹರ್ಟ್ಸ್ ವಾಪಸ್ ಬರದೆ ಹಾರಿಹೋಗುತ್ತೆ. ಮೈಸೂರು–ಮಂಡ್ಯ–ಬೆಂಗಳೂರು ರೇಡಿಯೊ ನೆಟ್ ಇಟ್ಟುಕೊಂಡೋರು ಆ ಹೊತ್ತಿಗೆ 80 ಮೀಟರ್‌ಗೆ (3.5 ಮೆಗಾಹರ್ಟ್ಸ್) ಇಳಿಯಬೇಕು.

---

ಮದ್ದೂರು_ರೋವರ್

ಪಾಂಡವಪುರ ಸರ್, 7:30ರಿಂದ 10:30ರ ಪಾಯಿಂಟ್‌ಗಳನ್ನ ಬೇರೆ ಲೇಯರ್‌ಗೆ ಹಾಕಿದ್ದೀನಿ. ರಾ ಡೇಟಾ ಅರ್ಧ ದಿನಗಳದ್ದು ಮಾತ್ರ ಇದೆ. ಆದ್ರೆ ಲಾಗ್ 5 ಸೆಕೆಂಡಿಗೊಂದು ಇದೆ, 1 ಅಲ್ಲ. ಪಿಪಿಕೆಗೆ ಆಗುತ್ತಾ?

---

ಪಾಂಡವಪುರ_ಪಿಪಿಕೆ

ನಿಂತು ತೆಗೆದ ಪಾಯಿಂಟ್‌ಗೆ ಆಗಬಹುದು, ಒಂದೊಂದರ ಮೇಲೂ ಒಂದು ನಿಮಿಷವಾದ್ರೂ ಕೋಲು ನಿಲ್ಲಿಸಿದ್ದರೆ. ನಡೆದುಕೊಂಡು ತೆಗೆದದ್ದಕ್ಕೆ ಬೇಡ. ಎರಡು ಅಳತೆ ನಡುವೆ ಲಾಕ್ ತಪ್ಪಿ ಮತ್ತೆ ಹಿಡಿದ್ರೂ 5 ಸೆಕೆಂಡಿನ ಫೈಲಿನಲ್ಲಿ ಸೈಕಲ್ ಸ್ಲಿಪ್ (ತರಂಗದ ಎಣಿಕೆ ತಪ್ಪಿದ್ದು) ಹುಡುಕೋದು ಕಷ್ಟ. ಸಾಫ್ಟ್‌ವೇರ್‌ನಲ್ಲಿ ಅಯಾನುಗೋಳ ಆಯ್ಕೆಯನ್ನ ಬ್ರಾಡ್‌ಕಾಸ್ಟ್ ಮಾದರಿ ಬಿಟ್ಟು ಎರಡು ತರಂಗದ ಲೆಕ್ಕಕ್ಕೆ ಹಾಕಿ, ಎಸ್‌ಎನ್‌ಆರ್ 35ಕ್ಕಿಂತ ಕೆಳಗಿನವನ್ನ ತೆಗೆದುಹಾಕಿ, ಫಿಕ್ಸ್ ಅನುಪಾತದ ಮಿತಿ 3 ಇಡಿ. ಬೇಸ್ ಫೈಲನ್ನ ಕಾರ್ಸ್ ತಾಣದಿಂದ ಅದೇ ಗಂಟೆಗಳದ್ದು ಇಳಿಸಿಕೊಳ್ಳಿ. ಸಮಯ ಯುಟಿಯಲ್ಲಿರುತ್ತೆ: ನಿಮ್ಮ 7:30 ಅಲ್ಲಿ 14:00.